ಸೆರೆಮನೆಯ ಭೇಟಿಯೂ ಅದರ ನಿಯಮಗಳೂ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ತಮ್ಮ ತಮ್ಮ ಊರಿನ ಸಭೆಯ ಸ್ತ್ರೀಸಮಾಜಗಳನ್ನು ಕೂಡಿಕೊಂಡು, ಸೆರೆಮನೆಯ ಸ್ತ್ರೀಯರ ವಿಭಾಗಕ್ಕೆ ಹೋಗಿ ಅಲ್ಲಿ ಪ್ರಾರ್ಥನೆ, ಗೀತೆ, ಓದುಬರಹ, ಹೊಲಿಗೆ ಮುಂತಾದುವನ್ನು ನಡೆಯಿಸುತ್ತಿರುವ ಸಂಗತಿಯು ನಮಗೆ ಬಹಳ ಸಂತೋಷವನ್ನುಂಟುಮಾಡಿದೆ. ಆದರೆ ಈ ಸೇವೆಯ ವಿಷಯವಾಗಿ ಎರಡು ಬಗೆಯ ಮಾತುಗಳು ನಮ್ಮ ಕಿವಿಗೆ ಬೀಳುತ್ತಲಿವೆ. ಹೀಗೆ ಹೋಗಿಬರುವ ಸಹೋದರಿಯರಲ್ಲಿ ಕೆಲವರು, ‘ಅಪ್ಪಣೆಪತ್ರ, ತಪಾಸಣೆ, ಇದನ್ನು ತರಕೂಡದು, ಅದನ್ನು ಕೇಳಕೂಡದು ಎಂಬ ಕಟ್ಟಳೆಗಳಲ್ಲಿಯೇ ಅರ್ಧ ಹೊತ್ತು ಕಳೆಯುತ್ತದೆ, ಕರ್ತನ ಕೆಲಸಕ್ಕೆ ಇಷ್ಟೊಂದು ಬೇಲಿ ಯಾಕೆ?’ ಎಂದು ಬೇಸರಪಡುತ್ತಾರೆ. ಇನ್ನು ಹೆತ್ತವರಲ್ಲಿ ಕೆಲವರು, ‘ನಮ್ಮ ಹೆಣ್ಣುಮಕ್ಕಳನ್ನು ಅಂಥ ಸ್ಥಳಕ್ಕೆ ಕಳುಹಿಸುವುದು ಯುಕ್ತವೋ?’ ಎಂದು ಶಂಕಿಸುತ್ತಾರೆ. ಈ ಇಬ್ಬರಿಗೂ ಒಂದೇ ಉತ್ತರವನ್ನು ಕೊಡಬಹುದೆಂದು ನಮಗೆ ತೋರುವುದರಿಂದ, ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಅಭಿಪ್ರಾಯವನ್ನು ಬಿನ್ನವಿಸಿಕೊಳ್ಳುತ್ತೇವೆ.

ಸೆರೆಯಲ್ಲಿರುವವರನ್ನು ನೋಡಹೋಗಬೇಕೆಂಬುದು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವನ್ನು ಓದಿದ ಯಾರಿಗೂ ಹೊಸ ಮಾತಲ್ಲ. ಆ ಅಧ್ಯಾಯವನ್ನು ನಾವು ಬಾಯಿಪಾಠವಾಗಿ ಒಪ್ಪಿಸಿದ್ದೇವೆ, ನಮ್ಮ ಹುಡುಗಿಯರಿಂದಲೂ ಒಪ್ಪಿಸಿಕೊಂಡಿದ್ದೇವೆ. ಆದರೆ ಅದರಲ್ಲಿ ಒಂದು ಸಂಗತಿಯನ್ನು ನಾವು ಬಹುಕಾಲ ಗಮನಿಸಿರಲಿಲ್ಲ. ಅಲ್ಲಿ ಹೊಗಳಿಸಿಕೊಂಡವರು ತಾವು ಏನು ಮಾಡಿದೆವೆಂಬುದನ್ನೇ ಅರಿಯದವರು. ಲೆಕ್ಕವಿಟ್ಟವರೂ ಅಲ್ಲ, ವರದಿ ಬರೆದವರೂ ಅಲ್ಲ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು ಎಂದು ಹೇಳಿದ ಬಳಿಕ, ಸೆರೆಯವನ ವಿಷಯದಲ್ಲಿ ಹೇಳಿರುವುದು ಅವನ ಬಳಿಗೆ ಬಂದರೆಂಬುದಿಷ್ಟೇ. ಬಂದು ಎಷ್ಟು ಮಾತಾಡಿದರು, ಎಷ್ಟು ಮಂದಿಯ ಮನಸ್ಸನ್ನು ತಿರುಗಿಸಿದರು ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ.

ಹಾಗಾದರೆ ನಿಯಮಗಳು ಯಾರಿಗೋಸ್ಕರ? ಸಾಮಾನ್ಯವಾಗಿ ಅವು ಅಧಿಕಾರಿಗಳ ಅನುಕೂಲಕ್ಕಾಗಿ ಮಾಡಲ್ಪಟ್ಟುವೆಂದು ನಾವು ತಿಳಿಯುತ್ತೇವೆ. ಒಂದು ಮಟ್ಟಿಗೆ ಅದು ನಿಜ. ಆದರೆ ಮುಖ್ಯವಾಗಿ ಅವು ಸೆರೆಯಲ್ಲಿರುವವಳಿಗೋಸ್ಕರವೇ ಬೇಕಾಗಿವೆ ಎಂಬುದು ನಮ್ಮ ಪಕ್ಷ. ದೇವಾಲಯದಲ್ಲಿ ಬೋಧನೆಯು ರುಚಿಸದಿದ್ದರೆ ಕೇಳುವವರು ಎದ್ದು ಹೊರಗೆ ಹೋಗಬಹುದು. ಪಾಠಶಾಲೆಯಲ್ಲಿ ಉಪಾಧ್ಯಾಯಿನಿಯು ಎಷ್ಟು ಬೇಸರ ಹಿಡಿಸಿದರೂ ಗಂಟೆಯು ಮಕ್ಕಳನ್ನು ಬಿಡಿಸುತ್ತದೆ. ಸೆರೆಮನೆಯ ಹೆಂಗಸು ಎಲ್ಲಿಗೆ ಹೋಗಬೇಕು? ಎದ್ದು ಹೋಗಲಾರದವಳ ಮುಂದೆ ನಿಂತು ಮಾತಾಡುವವರ ನಾಲಗೆಗೆ ಹೆಚ್ಚಿನ ಕಟ್ಟು ಬೇಕು. ಅಲ್ಲದೆ ಅವಳಿಗೆ ಬೇಕಾದುವು ಬಹಳ: ಒಂದು ಸಾಬೂನು, ತಲೆಗೆ ಎಣ್ಣೆ, ಮಗುವಿನ ಸುದ್ದಿ, ವಕೀಲನ ಕಿವಿಗೊಂದು ಮಾತು. ಇಷ್ಟೆಲ್ಲ ಬೇಕಾಗಿರುವವಳು ನಮ್ಮ ಮಾತಿಗೆ ‘ಆಗಲಿ ಅಮ್ಮಾ’ ಎಂದರೆ, ಆ ‘ಆಗಲಿ’ಯು ಮನಸ್ಸಿನಿಂದ ಬಂದದ್ದೋ ಅಗತ್ಯದಿಂದ ಬಂದದ್ದೋ ನಾವು ಹೇಗೆ ಬಲ್ಲೆವು?

ಅಲ್ಲಿರುವವರು ಯಾರೆಂಬುದನ್ನೂ ನಾವು ತಿಳಿದಿರಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ಪ್ರಕಟಿಸಿದ ಲೆಕ್ಕದಂತೆ, 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ಇನ್ನೂ ವಿಚಾರಣೆ ಮುಗಿಯದವರು. ಎಂದರೆ ನಾಲ್ವರಲ್ಲಿ ಮೂವರ ಮೇಲೆ ಯಾವ ನ್ಯಾಯಾಧೀಶರೂ ಅಪರಾಧವನ್ನು ಸ್ಥಿರಪಡಿಸಿರಲಿಲ್ಲ. ಹೆಂಗಸರ ಸಂಖ್ಯೆ 23,772. ಹೀಗಿರುವಲ್ಲಿ, ಒಳಗೆ ಕಾಲಿಟ್ಟೊಡನೆ ‘ಪಾಪಿಗಳೇ, ಪಶ್ಚಾತ್ತಾಪಪಡಿರಿ’ ಎಂಬ ಧಾಟಿಯಲ್ಲಿ ಆರಂಭಿಸುವ ಸಹೋದರಿಯು, ನ್ಯಾಯಾಲಯವೇ ಇನ್ನೂ ಹೇಳದ ಮಾತನ್ನು ತಾನು ಹೇಳಿದಂತಾಯಿತು. ಪೌಲ ಸೀಲರು ಫಿಲಿಪ್ಪಿಯ ಸೆರೆಯಲ್ಲಿ ಮಧ್ಯರಾತ್ರಿ ಸ್ತೋತ್ರಗಳನ್ನು ಹಾಡಿದಾಗ ಇತರ ಸೆರೆಯವರು ಕಿವಿಗೊಟ್ಟರೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಆದರೆ ಅವರು ಸ್ವತಃ ಏಟು ತಿಂದು ಕೊರಡಿಗೆ ಸಿಕ್ಕಿದ್ದವರು. ನಾವಾದರೋ ಸಾಯಂಕಾಲದ ಚಹಾಕ್ಕೆ ಮನೆಗೆ ಹಿಂದಿರುಗುವವರು. ಈ ಭೇದವನ್ನು ಮರೆಯಲಾಗದು.

ನಿಯಮವು ಪ್ರೀತಿಯನ್ನು ಕೊಲ್ಲುತ್ತದೆಂದು ಹೇಳುವವರು, ಹೆಂಗಸರು ಹೆಂಗಸರನ್ನು ಸೆರೆಮನೆಯಲ್ಲಿ ನೋಡಹೋಗುವ ಈ ಪದ್ಧತಿಯ ಇತಿಹಾಸವನ್ನು ಸ್ವಲ್ಪ ಪರಿಶೀಲಿಸಬೇಕು. 1813ರಲ್ಲಿ ಎಲಿಜಬೆತ್ ಫ್ರೈ ಎಂಬ ಕ್ವೇಕರ್ ಪಂಥದ ಮಹಿಳೆಯು ಲಂಡನ್ನಿನ ನ್ಯೂಗೇಟ್ ಸೆರೆಮನೆಯನ್ನು ಮೊದಲು ಹೊಕ್ಕಾಗ, ಸುಮಾರು 300 ಹೆಂಗಸರು ತಮ್ಮ ಮಕ್ಕಳೊಂದಿಗೆ ಕೆಲವೇ ಕೋಣೆಗಳಲ್ಲಿ ತುಂಬಿದ್ದರು. ಅಂದು ಆಕೆ ಒಯ್ದದ್ದು ಕೂಸುಗಳಿಗೆ ಬೆಚ್ಚನೆಯ ಬಟ್ಟೆ. ಮೂರು ವರುಷಗಳ ಮೇಲೆ, 1816ರ ಕೊನೆಗೆ ಆಕೆ ಮತ್ತೆ ಹೋದಾಗ, ಅಲ್ಲಿಯ ತಾಯಂದಿರ ಮುಂದೆ ಇಟ್ಟ ಮೊದಲನೆಯ ಸಲಹೆಯು ಅವರ ಮಕ್ಕಳಿಗಾಗಿ ಒಂದು ಪಾಠಶಾಲೆ. ಅಧಿಕಾರಿಗಳು ಇದು ಸಾಗುವ ಕೆಲಸವಲ್ಲವೆಂದರು. ಆದರೂ 1817ರಲ್ಲಿ ಪಾಠಶಾಲೆ ತೆರೆಯಿತು. ಉಪಾಧ್ಯಾಯಿನಿಯನ್ನು ಹೊರಗಿನಿಂದ ತರಲಿಲ್ಲ. ಗಡಿಯಾರವೊಂದನ್ನು ಕದ್ದಳೆಂದು ಸೆರೆಗೆ ಬಂದಿದ್ದ ಮೇರಿ ಕಾನರ್ ಎಂಬ ಯುವತಿಯನ್ನು ಸೆರೆಯವರೇ ಆರಿಸಿದರು. ಚಿಕ್ಕವರಿಗಾಗಿ ತೆರೆದ ಆ ಕೋಣೆಯ ಬಾಗಿಲಿಗೆ ದೊಡ್ಡ ಹೆಂಗಸರೂ ಬಂದು, ತಮಗೂ ಕಲಿಸಬೇಕೆಂದು ಬೇಡಿಕೊಂಡರು.

ಅದೇ 1817ರ ಏಪ್ರಿಲಿನಲ್ಲಿ ಆ ಮಹಿಳೆಯರು ಒಂದು ಸಂಘವನ್ನು ಕಟ್ಟಿ, ಭಿಕ್ಷೆ ಬೇಡಕೂಡದು, ಬೈಗುಳಾಡಕೂಡದು, ಜೂಜಾಡಕೂಡದು ಎಂಬಿವೇ ಮೊದಲಾದ ನಿಯಮಗಳನ್ನು ರಚಿಸಿದರು. ಅವುಗಳನ್ನು ಗೋಡೆಗೆ ಅಂಟಿಸಿ ಹೊರಟುಹೋಗಲಿಲ್ಲ. ಸೆರೆಯ ಹೆಂಗಸರನ್ನು ಕೂಡಿಸಿ ಒಂದೊಂದು ನಿಯಮವನ್ನೂ ಓದಿ ಹೇಳಿ, ಒಪ್ಪಿಗೆಯಿದ್ದವರು ಕೈ ಎತ್ತಬೇಕೆಂದು ಕೇಳಿದರು. ನಮಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಪೂಜ್ಯವಾಗಿ ತೋರುವುದು ಆ ಎತ್ತಿದ ಕೈಗಳೇ. ಅವರನ್ನು ಅದುವರೆಗೆ ಯಾರೂ ಯಾವುದಕ್ಕೂ ಒಪ್ಪಿಗೆ ಕೇಳಿರಲಿಕ್ಕಿಲ್ಲ. ಮುಂದಿನ ವರುಷ, 1818ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಎಲಿಜಬೆತ್ ಫ್ರೈಯನ್ನು ಕರೆಯಿಸಿ ಆಕೆಯ ಸಾಕ್ಷಿಯನ್ನು ಕೇಳಿತು. 1823ರ ಕಾಯಿದೆಯು ಸೆರೆಯಲ್ಲಿರುವ ಹೆಂಗಸರಿಗೆ ಹೆಂಗಸರೇ ಕಾವಲಿರಬೇಕೆಂದು ವಿಧಿಸಿತು. ಕನಿಕರದಿಂದ ಆರಂಭವಾದದ್ದು ನಿಯಮದಿಂದ ನೆಲೆಗೊಂಡಿತು. ನಿಯಮವಿಲ್ಲದಿದ್ದರೆ ಅದು ಒಬ್ಬ ಪುಣ್ಯವಂತೆಯ ಕಥೆಯಾಗಿ ಅಲ್ಲಿಗೇ ಮುಗಿಯುತ್ತಿತ್ತು.

ಈಗ, ನಮ್ಮ ಸಹೋದರಿಯರು ಪಾಲಿಸತಕ್ಕುವೆಂದು ನಮಗೆ ತೋರುವ ನಿಯಮಗಳನ್ನು ಕಾರಣಸಹಿತವಾಗಿ ಹೇಳುತ್ತೇವೆ.

ಮೊದಲನೆಯದು, ಬಾಗಿಲಿನ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸುವುದು. ಅಪ್ಪಣೆಯಿಲ್ಲದೆ ಒಳಗಿನದನ್ನು ಹೊರಗೂ ಹೊರಗಿನದನ್ನು ಒಳಗೂ ಸಾಗಿಸುವುದು 1894ರ ಕಾರಾಗೃಹ ಕಾಯಿದೆಯ 42ನೆಯ ವಿಧಿಯಲ್ಲಿಯೇ ಅಪರಾಧವೆಂದು ಹೇಳಲ್ಪಟ್ಟಿತ್ತು. ‘ಒಂದು ಚೀಟಿಯಷ್ಟೆ, ತಾಯಿಗೆ ಮುಟ್ಟಿಸಿಬಿಡಿ’ ಎಂದು ಕಣ್ಣೀರಿಡುವವಳಿಗೆ ಇಲ್ಲವೆನ್ನುವುದು ಸುಲಭವಲ್ಲ. ಆದರೆ ಆ ಚೀಟಿಯು ಸಿಕ್ಕಿಬಿದ್ದರೆ ನಮಗಾಗುವುದು ಅವಮಾನ, ಅವಳಿಗಾಗುವುದು ಶಿಕ್ಷೆ. ಮರುವಾರದಿಂದ ಭೇಟಿಯೇ ನಿಂತುಹೋದರೆ ನಷ್ಟವು ಏನೂ ಅರಿಯದ ಉಳಿದವರಿಗೂ ತಟ್ಟುತ್ತದೆ. ಅವಳು ಬರೆದದ್ದನ್ನು ಅಧಿಕಾರಿಗಳ ಮೂಲಕ ಅಂಚೆಗೆ ಹಾಕಿಸಲು ನೆರವಾಗುವುದೇ ನಾವು ಮಾಡತಕ್ಕ ಉಪಕಾರ.

ಎರಡನೆಯದು, ‘ನೀನು ಏನು ಮಾಡಿ ಇಲ್ಲಿಗೆ ಬಂದೆ?’ ಎಂದು ಎಂದಿಗೂ ಕೇಳದಿರುವುದು. ಅದನ್ನು ಪೊಲೀಸರು ಕೇಳಿದ್ದಾರೆ, ವಕೀಲರು ಕೇಳಿದ್ದಾರೆ, ನ್ಯಾಯಾಧೀಶರು ಕೇಳಿದ್ದಾರೆ ಅಥವಾ ಕೇಳಲಿದ್ದಾರೆ. ಅದನ್ನು ಕೇಳದ ಒಬ್ಬರಾದರೂ ಲೋಕದಲ್ಲಿ ಉಂಟೆಂಬುದು ಅವಳಿಗೆ ತಿಳಿಯಲಿ. ಅವಳಾಗಿಯೇ ಹೇಳಿದರೆ ಕಿವಿಗೊಡಬೇಕು, ತೀರ್ಪು ಕೊಡಬಾರದು.

ಮೂರನೆಯದು, ದಾನವನ್ನೂ ದೇವಾರಾಧನೆಯನ್ನೂ ಒಂದೇ ಗಂಟಿನಲ್ಲಿ ಕಟ್ಟದಿರುವುದು. ಪ್ರಾರ್ಥನೆಗೆ ಬಂದವರಿಗೆ ಮಾತ್ರ ಸಾಬೂನು, ಬಾರದವರಿಗೆ ಇಲ್ಲ ಎಂಬ ಏರ್ಪಾಡು ಸುವಾರ್ತೆಗೇ ಅಪಮಾನ. ಕೊಡುವುದನ್ನು ಅಧಿಕಾರಿಗಳ ಕೈಯಲ್ಲಿಟ್ಟು ಎಲ್ಲರಿಗೂ ಸಮನಾಗಿ ಹಂಚಿಸಬೇಕು. ಸಂಯುಕ್ತ ರಾಷ್ಟ್ರಸಂಘವು 2015ರಲ್ಲಿ ಅಂಗೀಕರಿಸಿದ, ನೆಲ್ಸನ್ ಮಂಡೇಲಾರ ಹೆಸರುಳ್ಳ ಸೆರೆಮನೆಯ ನಿಯಮಾವಳಿಯಲ್ಲಿ 65ನೆಯದು, ಯಾವ ಸೆರೆಯವರಿಗೂ ತಮ್ಮ ಧರ್ಮದ ಅರ್ಹ ಪ್ರತಿನಿಧಿಯನ್ನು ಕಾಣುವ ಅವಕಾಶವನ್ನು ನಿರಾಕರಿಸಬಾರದೆಂದು ಹೇಳುತ್ತದೆ. ಅಂಥ ಭೇಟಿಯು ಬೇಡವೆಂದವರ ಇಷ್ಟವನ್ನು ಪೂರ್ಣವಾಗಿ ಮನ್ನಿಸಬೇಕೆಂದೂ ಹೇಳುತ್ತದೆ. ಈ ಎರಡನೆಯ ಮಾತು ನಮ್ಮಂಥವರಿಗಾಗಿಯೇ ಬರೆಯಲ್ಪಟ್ಟಂತಿದೆ. ಒಬ್ಬ ಹೆಂಗಸು ತನ್ನ ಧರ್ಮದ ಗ್ರಂಥವನ್ನೋ ತನ್ನ ಗುರುವನ್ನೋ ಬಯಸಿದರೆ, ಆ ಬಯಕೆಯನ್ನು ಅಧಿಕಾರಿಗಳಿಗೆ ತಿಳಿಸುವುದೂ ನಮ್ಮ ಕರ್ತವ್ಯ. ಇದರಿಂದ ನಮ್ಮ ವಿಶ್ವಾಸಕ್ಕೆ ಕುಂದು ಬಂತೆಂದು ಭಾವಿಸುವವರೊಡನೆ ನಾವು ಒಪ್ಪಲಾರೆವು. ಒಲ್ಲೆನೆನ್ನುವ ಸ್ವಾತಂತ್ರ್ಯವಿಲ್ಲದ ಸ್ಥಳದಲ್ಲಿ ಒಲಿದೆನೆಂಬ ಮಾತಿಗೆ ಬೆಲೆಯಿಲ್ಲವಷ್ಟೆ.

ನಾಲ್ಕನೆಯದು, ನಡೆಯಿಸಲಾರದ ಮಾತನ್ನು ಕೊಡದಿರುವುದು. ಯೋಸೇಫನು ಸೆರೆಯಲ್ಲಿದ್ದಾಗ ಫರೋಹನ ಪಾನದಾಯಕನ ಕನಸಿನ ಅರ್ಥವನ್ನು ಹೇಳಿ, ಬಿಡುಗಡೆಯಾದ ಮೇಲೆ ತನ್ನನ್ನು ನೆನಸಬೇಕೆಂದು ಬೇಡಿಕೊಂಡದ್ದನ್ನೂ, ಪಾನದಾಯಕನು ಎರಡು ಪೂರ್ಣ ವರುಷ ಮರೆತುಬಿಟ್ಟದ್ದನ್ನೂ ನಮ್ಮ ಚಿಕ್ಕ ತರಗತಿಯ ಮಕ್ಕಳೂ ಬಲ್ಲರು. ಅವನು ಕೆಟ್ಟವನೆಂದು ಅಲ್ಲಿ ಹೇಳಿಲ್ಲ. ಹೊರಗೆ ಬಂದವನಿಗೆ ಹೊರಗಿನ ಕೆಲಸಗಳಿದ್ದವು, ಅಷ್ಟೆ. ನಮಗೂ ಹಾಗೆಯೇ. ‘ನಿನ್ನ ಮಗುವನ್ನು ನೋಡಿಕೊಂಡು ಬರುತ್ತೇನೆ’ ಎಂಬ ಒಂದು ಮಾತು ನಮಗೆ ಆ ದಿನದ ಅನೇಕ ಮಾತುಗಳಲ್ಲೊಂದು. ಅವಳಿಗೆ ಅದು ಮುಂದಿನ ಭೇಟಿಯವರೆಗಿನ ಆಹಾರ. ಆದಕಾರಣ ಮಾಡಿಯೇವೆಂಬ ಭರವಸೆಯಿಲ್ಲದ್ದನ್ನು ಬಾಯಲ್ಲಿ ಆಡಕೂಡದು.

ಕಾನೂನಿನ ವಿಷಯದಲ್ಲಂತೂ ಇನ್ನೂ ಎಚ್ಚರಿಕೆ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ವಿಧಿಯು, ಹಿಂದೆಂದೂ ಶಿಕ್ಷೆಗೆ ಒಳಗಾಗದ ವಿಚಾರಣಾಧೀನರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ ಅವರ ಬಿಡುಗಡೆಗೆ ದಾರಿ ಮಾಡಿದೆ. ಆದರೆ ಮರಣದಂಡನೆ ಅಥವಾ ಆಜೀವ ಕಾರಾವಾಸವನ್ನು ವಿಧಿಸಬಹುದಾದ ಅಪರಾಧಗಳಿಗೆ ಅದು ಅನ್ವಯಿಸದು. ಹಲವು ಮೊಕದ್ದಮೆಗಳಿರುವವರಿಗೂ ಅಡ್ಡಿಗಳುಂಟು. ಇದನ್ನು ಅರ್ಧ ತಿಳಿದು ‘ನಿನಗೆ ಬೇಗ ಬಿಡುಗಡೆಯಾಗುತ್ತದೆ’ ಎಂದು ಹೇಳುವುದು ಕ್ರೂರತನವೇ ಸರಿ. ನಾವು ಹೇಳಬಹುದಾದದ್ದು ಬೇರೆ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೆಯ ವಿಧಿಯಂತೆ ಸ್ತ್ರೀಯರಿಗೂ ಬಂಧನದಲ್ಲಿರುವವರಿಗೂ ವಕೀಲರ ನೆರವನ್ನು ಉಚಿತವಾಗಿ ಪಡೆಯುವ ಹಕ್ಕಿದೆ. ಇದನ್ನು ತಿಳಿಸಿ, ಅರ್ಜಿಯು ಅಧಿಕಾರಿಗಳ ಮೂಲಕ ಹೋಗುವಂತೆ ನೋಡಿಕೊಂಡರೆ ಸಾಕು.

ಐದನೆಯದು, ಕ್ರಮವಾಗಿ ಹೋಗುವುದು. ಕ್ರಿಸ್‌ಮಸ್ಸಿನಲ್ಲಿ ಇಪ್ಪತ್ತು ಮಂದಿ ಕೇಕು ಹಿಡಿದು ಹೋಗುವುದಕ್ಕಿಂತ, ಜೂನ್ ತಿಂಗಳ ಮಳೆಯಲ್ಲಿ ಇಬ್ಬರು ಹೇಳಿದ ದಿನಕ್ಕೆ ಹೋಗುವುದು ಮೇಲು. ಇಂಗ್ಲೆಂಡಿನ ಯಾರ್ಮತ್ ಪಟ್ಟಣದಲ್ಲಿ ಸಾರಾ ಮಾರ್ಟಿನ್ ಎಂಬಾಕೆ ಇದ್ದಳು. ಅವಳು ಸಿರಿವಂತೆಯಲ್ಲ, ಬಟ್ಟೆ ಹೊಲಿದು ಹೊಟ್ಟೆ ಹೊರೆಯುತ್ತಿದ್ದವಳು. 1819ರಲ್ಲಿ, ತನ್ನ ಮಗುವನ್ನೇ ಹಿಂಸಿಸಿದಳೆಂದು ಸೆರೆಗೆ ಬಂದ ತಾಯಿಯೊಬ್ಬಳನ್ನು ಕಾಣಲು ಹೋದವಳು, ಆಮೇಲೆ ವಾರದಲ್ಲಿ ಒಂದು ದಿನದ ಕೂಲಿಯನ್ನು ಬಿಟ್ಟು ಆ ದಿನವನ್ನು ಸೆರೆಮನೆಗೆ ಕೊಟ್ಟಳು. ಓದು ಕಲಿಸಿದಳು, ಹೊಲಿಗೆ ಕಲಿಸಿದಳು. 1843ರಲ್ಲಿ ತೀರಿಕೊಳ್ಳುವವರೆಗೆ ಅವಳ ಬಾಳಿನ ಮುಖ್ಯ ಕೆಲಸ ಇದೇ ಆಗಿತ್ತು. ಊರೆಲ್ಲ ಬೆನ್ನುತಿರುಗಿಸಿದ ತಾಯಿಯ ಬಳಿಗೆ ಅವಳು ಹೋದದ್ದು ನಿಜಕ್ಕೂ ದೊಡ್ಡದು; ಮರಳಿ ಮರಳಿ ಹೋದದ್ದು ಅದಕ್ಕಿಂತ ದೊಡ್ಡದು.

ಆರನೆಯದು, ಅಲ್ಲಿ ತಾಯಂದಿರೊಡನೆ ಇರುವ ಮಕ್ಕಳ ವಿಷಯ. 2006ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ ಆರು ವರುಷದವರೆಗಿನ ಮಗುವು ಸೆರೆಯಲ್ಲಿರುವ ತಾಯಿಯ ಬಳಿ ಇರಬಹುದು. ಈ ಮಕ್ಕಳನ್ನು ಎತ್ತಿ ಮುದ್ದಿಸಿ, ‘ಮನೆ ಎಲ್ಲಿ? ಅಪ್ಪ ಎಲ್ಲಿ?’ ಎಂದು ಕೇಳುವುದು ನಮ್ಮ ಹೆಂಗಸರ ಸ್ವಭಾವ. ದಯಮಾಡಿ ಕೇಳಬೇಡಿರಿ. ಕಥೆ ಹೇಳಿರಿ, ಬಳಪ ಕೊಡಿಸಿರಿ, ಅಕ್ಷರ ತಿದ್ದಿಸಿರಿ.

ಏಳನೆಯದು ಗುಟ್ಟು. ಒಳಗೆ ಕಂಡ ಮುಖವನ್ನೂ ಕೇಳಿದ ಹೆಸರನ್ನೂ ಹೊರಗೆ ತರಕೂಡದು. ಪಟ ತೆಗೆಯುವುದಂತೂ ಸಲ್ಲದು. ಪ್ರಾರ್ಥನಾಕೂಟದಲ್ಲಿ ‘ಇಂಥವಳಿಗಾಗಿ ಬೇಡಿಕೊಳ್ಳೋಣ’ ಎಂದು ಹೆಸರೆತ್ತುವುದೂ, ವಾಟ್ಸಾಪಿನಲ್ಲಿ ಬರೆದು ಕಳುಹಿಸುವುದೂ ಪ್ರಾರ್ಥನೆಯ ವೇಷದ ಹರಟೆಯಾಗುತ್ತದೆ; ದೇವರಿಗೆ ಅವಳ ಹೆಸರು ಗೊತ್ತಿದೆ. ಇದಕ್ಕೆ ಅಪವಾದವು ಒಂದೇ: ತನ್ನ ಪ್ರಾಣಕ್ಕೋ ಮತ್ತೊಬ್ಬರ ಪ್ರಾಣಕ್ಕೋ ಅಪಾಯವಾಗುವಂಥದನ್ನು ಅವಳು ಹೇಳಿದರೆ ಕೂಡಲೇ ಅಧಿಕಾರಿಗೆ ತಿಳಿಸಬೇಕು. ಹೀಗೆ ತಿಳಿಸಬೇಕಾಗುತ್ತದೆಂಬುದನ್ನು ಮೊದಲನೆಯ ದಿನವೇ ಅವಳಿಗೆ ಹೇಳಿರಬೇಕು.

ಈ ಏಳನೆಯ ನಿಯಮವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರುಷಗಳ ಕೆಳಗೆ ಒಂದು ಗುಂಪಿನೊಡನೆ ನಾವೂ ಒಂದು ಸೆರೆಮನೆಗೆ ಹೋಗಿದ್ದೆವು. ಗೀತೆ ಆರಂಭವಾದಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸೊಬ್ಬಳು ಪುಸ್ತಕವಿಲ್ಲದೆಯೇ ಎರಡನೆಯ ಚರಣವನ್ನು ಹಾಡುತ್ತಿದ್ದಳು. ತಲೆಯೆತ್ತಿ ನೋಡಿದೆವು. ಅವಳು ನಮ್ಮ ಕೈಯಲ್ಲಿ ಓದಿದವಳು. ಅವಳೂ ನಮ್ಮನ್ನು ನೋಡಿ, ಸೆರಗನ್ನು ಮುಂದಕ್ಕೆಳೆದುಕೊಂಡಳು. ಆ ಸೆರಗಿನ ಅರ್ಥವನ್ನು ನಾವು ಆಗಲೇ ತಿಳಿಯಬೇಕಾಗಿತ್ತು. ತಿಳಿಯದೆ, ಸಂತೋಷವೋ ದುಃಖವೋ ಯಾವುದೆಂದು ಹೇಳಲಾಗದ ಒಂದು ಆವೇಗದಿಂದ ಅವಳ ಹೆಸರನ್ನು ಗಟ್ಟಿಯಾಗಿ ಕರೆದುಬಿಟ್ಟೆವು. ಕೂಡಿದ್ದವರೆಲ್ಲರೂ ತಿರುಗಿ ನೋಡಿದರು. ನಮ್ಮೊಡನೆ ಬಂದಿದ್ದವರಲ್ಲಿ ಅವಳ ಊರಿನವರೂ ಇದ್ದರು. ಮುಂದಿನ ತಿಂಗಳು ಹೋದಾಗ ಅವಳು ಹೊರಗೆ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಎರಡನೆಯ ಚರಣವನ್ನು ಹಾಡುವುದು ಅವಳಿಗೆ ಅಲ್ಲಿ ಉಳಿದಿದ್ದ ಒಂದೇ ಸುಖವಾಗಿದ್ದಿರಬಹುದು. ಅದನ್ನು ನಾವು ಪ್ರೀತಿಯಿಂದಲೇ ಕಸಿದುಕೊಂಡೆವು. ಪರಿಚಿತಳು ಕಂಡರೆ, ಅವಳಾಗಿ ಗುರುತಿಸುವವರೆಗೆ ನಾವು ಗುರುತಿಸಿದಂತೆ ತೋರಿಸಕೂಡದು ಎಂಬ ಒಂದು ಸಾಲಿನ ನಿಯಮವನ್ನು ಯಾರಾದರೂ ನಮಗೆ ಬಾಗಿಲಲ್ಲಿ ಓದಿ ಹೇಳಿದ್ದರೆ!

ನಿಯಮಗಳನ್ನು ಹೀಗೆ ಪಾಲಿಸುವುದೆಂದರೆ ಅನ್ಯಾಯವನ್ನು ಕಂಡೂ ಸುಮ್ಮನಿರುವುದೋ ಎಂದು ಕೆಲವರು ಕೇಳಬಹುದು. ಅಲ್ಲ. 1982ರಲ್ಲಿ ಶೀಲಾ ಬರ್ಸೆ ಎಂಬ ಪತ್ರಕರ್ತೆಯು ಅಧಿಕಾರಿಗಳ ಅಪ್ಪಣೆಯನ್ನು ಪಡೆದೇ ಮುಂಬಯಿಯ ಸೆರೆಮನೆಯಲ್ಲಿ ಹದಿನೈದು ಮಂದಿ ಸ್ತ್ರೀಯರೊಡನೆ ಮಾತಾಡಿದಳು. ಅವರಲ್ಲಿ ಐವರು ಪೊಲೀಸು ಠಾಣೆಯಲ್ಲಿ ತಮ್ಮ ಮೇಲೆ ಹಲ್ಲೆ ನಡೆಯಿತೆಂದರು. ಆಕೆ ಅದನ್ನು ನಾಲ್ಕು ಮನೆಗಳಲ್ಲಿ ಹೇಳಿಕೊಂಡು ತಿರುಗದೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದಳು. ಆ ಪತ್ರವನ್ನೇ ಅರ್ಜಿಯೆಂದು ಭಾವಿಸಿ ನ್ಯಾಯಾಲಯವು 1983ರಲ್ಲಿ ಕೊಟ್ಟ ತೀರ್ಪಿನಿಂದ, ಠಾಣೆಗಳಲ್ಲಿ ಸ್ತ್ರೀಯರನ್ನು ಪ್ರತ್ಯೇಕವಾಗಿರಿಸಿ ಸ್ತ್ರೀ ಪೊಲೀಸರ ಕಾವಲಿನಲ್ಲಿಡಬೇಕೆಂಬುದೇ ಮೊದಲಾದ ಅಪ್ಪಣೆಗಳು ಹೊರಟವು. ಗುಟ್ಟನ್ನು ಕಾಯುವುದು ಬೇರೆ, ಅನ್ಯಾಯವನ್ನು ಮುಚ್ಚುವುದು ಬೇರೆ. ನೊಂದವಳ ಒಪ್ಪಿಗೆಯಿಂದ, ತಕ್ಕ ಅಧಿಕಾರಿಯ ಬಳಿಗೋ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ನ್ಯಾಯಾಧೀಶರ ಬಳಿಗೋ ವಿಷಯವನ್ನು ಒಯ್ಯುವ ದಾರಿಯು ನಮಗೆ ಯಾವಾಗಲೂ ತೆರೆದಿದೆ.

ಹೆತ್ತವರಿಗೆ ನಮ್ಮ ಉತ್ತರವೂ ಇದರಲ್ಲಿಯೇ ಅಡಗಿದೆ. ಪ್ರಾಯಕ್ಕೆ ಬಂದ ನಿಮ್ಮ ಮಗಳು ಹೋಗಬಯಸಿದರೆ ತಡೆಯಬೇಡಿರಿ; ಆದರೆ ನಿಯಮವಿಲ್ಲದ ಗುಂಪಿನೊಡನೆ ಕಳುಹಿಸಬೇಡಿರಿ. ಶಾಲೆಯಲ್ಲಿ ಓದುತ್ತಿರುವ ಹುಡುಗಿಯರನ್ನು ನೋಟಕ್ಕೆಂದು ಕರೆದೊಯ್ಯುವುದು ನಮಗೆ ಸರ್ವಥಾ ಸಮ್ಮತವಲ್ಲ, ಸೆರೆಮನೆಯು ಪ್ರದರ್ಶನಶಾಲೆಯಲ್ಲ. ಮನೆಯಲ್ಲಿ ಕುಳಿತು ಸಣ್ಣ ಮಕ್ಕಳ ಅಂಗಿಗಳನ್ನು ಹೊಲಿದು ಕಳುಹಿಸುವ ಕೆಲಸವು ಅವರಿಗೆ ಬೇಕಾದಷ್ಟಿದೆ.

ಹಳೆಯ ವಿದ್ಯಾರ್ಥಿನಿಯರಿಗೆ ನಾವು ಬೇಡಿಕೊಳ್ಳುವುದಿಷ್ಟೆ. ಮುಂದಿನ ಸಲ ಹೋಗುವ ಮುಂಚೆ ನಿಮ್ಮ ಸಮಾಜದಲ್ಲಿ ಈ ಏಳು ನಿಯಮಗಳನ್ನು ಓದಿ, ನಿಮಗೆ ಬೇಕಾದಂತೆ ತಿದ್ದಿಕೊಂಡು, ನ್ಯೂಗೇಟಿನ ಹೆಂಗಸರಂತೆ ಕೈ ಎತ್ತಿ ಒಪ್ಪಿಕೊಳ್ಳಿರಿ. ಒಳಗಿರುವವರು ಒಪ್ಪಬೇಕೆಂದು ಬಯಸುವ ನಾವು ಮೊದಲು ನಾವೇ ಒಪ್ಪಬೇಕಲ್ಲವೇ?

ನಾವು ಮೇಲೆ ಹೇಳಿದ ಆ ವಿದ್ಯಾರ್ಥಿನಿಯ ಕೈಗೆ ಈ ಸಂಚಿಕೆಯು ಎಲ್ಲಿಯಾದರೂ ಸೇರಬಹುದು. ಅವಳು ಓದಿದ ವರುಷವನ್ನಾಗಲಿ ಅವಳ ಊರನ್ನಾಗಲಿ ನಾವು ಇಲ್ಲಿ ಹೇಳಿಲ್ಲ, ಬಾಯಿಮಾತಿನಲ್ಲಿ ಕೇಳಿದವರಿಗೂ ಹೇಳುವುದಿಲ್ಲ. ಸೆರೆಮನೆಯ ದಾಖಲೆಯಲ್ಲಿ ಅವಳಿಗೆ ಏನೇ ಅಂಕೆಯಿದ್ದಿರಲಿ, ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹಾಗೆಯೇ ಇದೆ. ಅವಳು ಬಂದರೆ ಬಾಗಿಲು ತೆರೆದಿದೆ. ಬಾರದಿದ್ದರೆ ನಾವು ಹುಡುಕಿಕೊಂಡು ಹೋಗಿ ಕರೆಯುವುದಿಲ್ಲ. ಅವಳ ಕ್ಷಮೆಯನ್ನು ಮಾತ್ರ ಬೇಡುತ್ತೇವೆ.